ನಡೆಯುತ್ತಿರುವ ಸಣ್ಣ ಕಂಪನಿ, ಬೇರೆಯವರ ದುಡ್ಡು: 20% ಪಾಲಿಗೆ ಒಪ್ಪಬಹುದಾ?

ಹೊಸಯಜಮಾನ:
ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಬೇರೆಯವರ ಕಂಪನಿಗಳಲ್ಲಿ ಆಪರೇಷನ್ಸ್ ನೋಡಿಕೊಳ್ಳುತ್ತಿದ್ದೇನೆ. ಈಗ ಒಂದು ಸಣ್ಣ ಕಂಪನಿಯನ್ನೇ ಕೊಳ್ಳುವ ಅವಕಾಶ ಬಂದಿದೆ. ಕಟ್ಟಡಗಳ ಲಿಫ್ಟ್, ಜನರೇಟರ್ ಥರದ ಯಂತ್ರಗಳಿಗೆ ವಾರ್ಷಿಕ ಸರ್ವಿಸ್ ಮಾಡಿಕೊಡುವ ಕೆಲಸ. ಮಾಲೀಕರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಗಿರಾಕಿಗಳು ಪ್ರತಿ ವರ್ಷ ಕಾಂಟ್ರ್ಯಾಕ್ಟ್ ಮುಂದುವರಿಸುತ್ತಾರೆ, ಅಷ್ಟು ಸುಲಭಕ್ಕೆ ಬಿಟ್ಟುಹೋಗುವವರಲ್ಲ.

ಲೆಕ್ಕ ಸುಲಭವಾಗಲಿ ಅಂತ ಅವರು ಕೇಳುತ್ತಿರುವ ಬೆಲೆಯನ್ನು 100 ಅಂದುಕೊಳ್ಳಿ. ಅವರ ಪ್ರಕಾರ ವರ್ಷದ ಲಾಭ 20. ಅಂದರೆ ಲಾಭದ 5 ಪಟ್ಟು. ನನ್ನ ಕೈಯಲ್ಲಿ ಹೇಳಿಕೊಳ್ಳುವಷ್ಟು ದುಡ್ಡಿಲ್ಲ. ಸ್ವಲ್ಪ ಬ್ಯಾಂಕ್ ಸಾಲ, ಉಳಿದಿದ್ದಕ್ಕೆ ಪರಿಚಯದ ಮೂರ್ನಾಲ್ಕು ಹೂಡಿಕೆದಾರರು ತಯಾರಿದ್ದಾರೆ. ಕಂಪನಿ ನಡೆಸುವವನು ನಾನು, ಸಂಬಳದ ಜೊತೆ 20% ಪಾಲು ಕೊಡುತ್ತೇವೆ ಅನ್ನುತ್ತಿದ್ದಾರೆ. ಇದು ಒಳ್ಳೆಯ ಆಫರಾ? 25ಕ್ಕೆ ಜಗ್ಗಬೇಕಾ? ಇಂಥದ್ದು ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸುಮ್ನೆಓದುವವ:
ನನಗೂ ಇದೇ ಪ್ರಶ್ನೆ ಇದೆ. ಓದುತ್ತಾ ಕೂತಿರುತ್ತೇನೆ.

ಖಾತೆಪುಸ್ತಕ:
ಪಾಲಿನ ಮಾತು ಆಮೇಲೆ ಆಡೋಣ ಸರ್. ಆ 20 ನಿಜವಾಗಿಯೂ 20 ಹೌದಾ ಅನ್ನೋದನ್ನು ಮೊದಲು ನೋಡಿ. ಸಣ್ಣ ಕಂಪನಿ ಮಾರುವವರು ತೋರಿಸುವ ಲಾಭ ಯಾವಾಗಲೂ "ಸರಿಪಡಿಸಿದ" ಲಾಭ. ಲೆಕ್ಕಪತ್ರದಲ್ಲಿ ಇರುವ ಲಾಭಕ್ಕೆ ಮಾಲೀಕರ ಕಾರಿನ ಖರ್ಚು, ಮನೆಯವರ ಹೆಸರಿಗೆ ಹೋಗುವ ಸಂಬಳ, ಒಂದೇ ಸಲ ಬಂದ ಕೋರ್ಟು ಖರ್ಚು ಇವೆಲ್ಲವನ್ನೂ ವಾಪಸ್ ಸೇರಿಸುತ್ತಾರೆ. ಆ್ಯಡ್ ಬ್ಯಾಕ್ ಅನ್ನೋದು ಇದಕ್ಕೇ. ಇವುಗಳಲ್ಲಿ ಕೆಲವು ನ್ಯಾಯವಾದವೇ. ಆದರೆ "ಒಂದೇ ಸಲದ ಖರ್ಚು" ಮೂರು ವರ್ಷವೂ ಬೇರೆ ಬೇರೆ ಹೆಸರಲ್ಲಿ ಬಂದಿದ್ದರೆ ಅದು ಒಂದೇ ಸಲದ್ದು ಹೇಗಾಗುತ್ತದೆ?

ಇನ್ನೊಂದು, ಇದು ಎಲ್ಲರ ಕಣ್ಣು ತಪ್ಪಿಸುವಂಥದ್ದು. ಮಾಲೀಕರು ತಾವು ಸಂಬಳ ತಗೊಳ್ಳದೆ ಲಾಭವನ್ನೇ ಮನೆಗೆ ಒಯ್ಯುತ್ತಿರುತ್ತಾರೆ. ನೀವು ಕೊಂಡ ಮೇಲೆ ಆ ಕೆಲಸಕ್ಕೆ ನಿಮಗೆ ಸಂಬಳ ಬೇಕಲ್ಲ. ಅದು 4 ಅಂತ ಇಟ್ಟುಕೊಂಡರೆ 20 ಇದ್ದದ್ದು 16 ಆಯಿತು. ಒಪ್ಪಲಾಗದ ಆ್ಯಡ್ ಬ್ಯಾಕ್‌ಗಳಲ್ಲಿ ಇನ್ನೊಂದು 1 ಹೋಯಿತು ಅಂದರೆ 15. ಈಗ 100 ಕೊಟ್ಟರೆ ಅದು 5 ಪಟ್ಟಲ್ಲ, 6.7 ಪಟ್ಟು.

ನಾನು ನೋಡುವ ಕ್ರಮ ಹೀಗೆ: ಲಾಭ-ನಷ್ಟದ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಗಿರಾಕಿವಾರು ಬಿಲ್ಲುಗಳು, ಈ ಮೂರನ್ನು ಒಂದಕ್ಕೊಂದು ತಾಳೆ ಹಾಕುವುದು. ಈ ಕೆಲಸಕ್ಕೆಂದೇ ಹೊರಗಿನ ಆಡಿಟರ್ ಹಿಡಿದು ಕ್ವಾಲಿಟಿ ಆಫ್ ಅರ್ನಿಂಗ್ಸ್ ವರದಿ ಮಾಡಿಸುತ್ತಾರೆ. ಅದಕ್ಕೆ ಕಾಸು ಉಳಿಸಲು ಹೋಗಬೇಡಿ. ಮಾಲೀಕರ ಆಡಿಟರ್ ಎಷ್ಟೇ ಒಳ್ಳೆಯವರಾದರೂ ಅವರು ಮಾಲೀಕರ ಆಡಿಟರೇ.

ನಿಧಾನಿ:
ಹೂಡಿಕೆದಾರರು 20, 25 ಅನ್ನುವ ಸಂಖ್ಯೆ ಎಲ್ಲಿಂದ ತಂದರು ಅಂತ ಗೊತ್ತಿದ್ದರೆ ಮಾತಾಡಲು ಸುಲಭ. ಇದು ಸರ್ಚ್ ಫಂಡ್ ಪದ್ಧತಿಯದು. 1984ರಲ್ಲಿ ಇರ್ವಿಂಗ್ ಗ್ರೌಸ್‌ಬೆಕ್ ಅನ್ನುವ ಪ್ರಾಧ್ಯಾಪಕರು ರೂಪಿಸಿದ್ದು. ದುಡ್ಡಿಲ್ಲದ, ಆದರೆ ಕಂಪನಿ ನಡೆಸುವ ಹುಮ್ಮಸ್ಸಿರುವ ಒಬ್ಬ ಅಥವಾ ಇಬ್ಬರಿಗೆ ಹತ್ತಾರು ಹೂಡಿಕೆದಾರರು ಸೇರಿ ಮೊದಲು ಹುಡುಕಾಟದ ಖರ್ಚು ಕೊಡುತ್ತಾರೆ, ಸಂಬಳವೂ ಅದರಲ್ಲೇ. ಸಾಮಾನ್ಯವಾಗಿ ಎರಡು ವರ್ಷದ ಗಡುವು. ಕಂಪನಿ ಸಿಕ್ಕ ಮೇಲೆ ಅದನ್ನು ಕೊಳ್ಳುವ ದುಡ್ಡಿಗೂ ಮೊದಲ ಅವಕಾಶ ಅವರಿಗೇ. ಹುಡುಕಾಟಕ್ಕೆ ಹಾಕಿದ ದುಡ್ಡನ್ನು ಒಂದೂವರೆ ಪಟ್ಟು ಅಂತ ಲೆಕ್ಕ ಹಿಡಿಯುತ್ತಾರೆ, 100 ಹಾಕಿದ್ದರೆ 150 ಹಾಕಿದಂತೆ.

ಇದಕ್ಕೆ ಪ್ರತಿಯಾಗಿ ನಡೆಸುವವರಿಗೆ ಒಬ್ಬರಾದರೆ 25%ವರೆಗೆ, ಇಬ್ಬರಾದರೆ 30%ವರೆಗೆ ಪಾಲು. ಆದರೆ ಎಲ್ಲಾ ಒಂದೇ ಸಲ ಬರುವುದಿಲ್ಲ. ಮೂರನೇ ಒಂದು ಭಾಗ ಖರೀದಿ ಆದ ದಿನ. ಇನ್ನೊಂದು ಭಾಗ ನಾಲ್ಕೈದು ವರ್ಷ ಕೆಲಸದಲ್ಲಿ ಉಳಿದಂತೆ ಸ್ವಲ್ಪ ಸ್ವಲ್ಪವಾಗಿ. ಕೊನೆಯ ಭಾಗ ಹೂಡಿಕೆದಾರರಿಗೆ ವರ್ಷಕ್ಕೆ ಸುಮಾರು 20% ಪ್ರತಿಫಲ ದಾಟಿದ ಮೇಲೆ ಶುರುವಾಗಿ 35% ಹತ್ತಿರ ಪೂರ್ತಿ ಸಿಗುವಂತೆ.

ಈಗ ನಿಮ್ಮ ವಿಷಯ. ಕಂಪನಿಯನ್ನು ಹುಡುಕಿದ್ದು ನೀವು, ನಿಮ್ಮ ಖರ್ಚಲ್ಲಿ. ಹುಡುಕಾಟದ ಅಪಾಯವನ್ನು ಅವರು ಹೊತ್ತೇ ಇಲ್ಲ. ಹಾಗಿರುವಾಗ ಅದೇ ಸಂಖ್ಯೆಗೆ ಯಾಕೆ ಒಪ್ಪಬೇಕು? ಸ್ವಂತ ಖರ್ಚಲ್ಲಿ ಹುಡುಕಿ, ಸಾಲಕ್ಕೆ ತಾವೇ ಜಾಮೀನು ನಿಂತು ಕೊಳ್ಳುವವರ ಕೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಉಳಿಯುವುದೂ ಉಂಟು.

ಬೆಂಕಿಪೊಟ್ಟಣ:
ಸರ್ಚ್ ಫಂಡ್ ಅಂದ ತಕ್ಷಣ ಎಲ್ಲರೂ 35% ಪ್ರತಿಫಲ ಅಂತ ಕುಣಿಯುತ್ತಾರೆ. ನಿಜ ಎಷ್ಟೋ?

ನಿಧಾನಿ:
ಸಂಖ್ಯೆ ಸುಳ್ಳಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಎರಡು ವರ್ಷಕ್ಕೊಮ್ಮೆ ಲೆಕ್ಕ ಕೊಡುತ್ತಾರೆ. 2024ರ ವರದಿಯಲ್ಲಿ 1984ರಿಂದ ಅಮೆರಿಕ, ಕೆನಡಾದಲ್ಲಿ ಶುರುವಾದ 681 ಫಂಡ್‌ಗಳ ಲೆಕ್ಕ ಇದೆ. ಒಟ್ಟಾರೆ ವಾರ್ಷಿಕ ಪ್ರತಿಫಲ 35.1%, ಹಾಕಿದ ಹಣ 4.5 ಪಟ್ಟು. ಆದರೆ ಅದೇ ವರದಿ ಓದಿದರೆ ಹುಡುಕಲು ಹೊರಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕೊಳ್ಳಲು ಕಂಪನಿಯೇ ಸಿಗಲಿಲ್ಲ ಅನ್ನೋದೂ ಗೊತ್ತಾಗುತ್ತದೆ. ಕೊಂಡವರಲ್ಲೂ ದುಡ್ಡು ಕಳೆದುಕೊಂಡವರು ಇದ್ದಾರೆ. ಸರಾಸರಿಯನ್ನು ಎತ್ತಿ ಹಿಡಿದಿರುವುದು ಕೆಲವೇ ದೊಡ್ಡ ಗೆಲುವುಗಳು. 1995ರಲ್ಲಿ ಇಬ್ಬರು ಸೇರಿ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳಿಗೆ ನೆರವು ಕೊಡುವ ಒಂದು ಸಣ್ಣ ಕಂಪನಿ ಕೊಂಡರು, ಅದೇ ಮುಂದೆ ಮೊಬೈಲ್ ಫೋನ್ ವಿಮೆಯ ದೈತ್ಯ ಅಸ್ಯೂರಿಯನ್ ಆಯಿತು. ಅಂಥದ್ದು ಒಂದೆರಡು ಸೇರಿದರೆ ಯಾವ ಸರಾಸರಿಯೂ ಚೆನ್ನಾಗಿಯೇ ಕಾಣುತ್ತದೆ.

ಬೆಂಕಿಪೊಟ್ಟಣ:
ಅದನ್ನೇ ನಾನು ಹೇಳಿದ್ದು.

ಹೊಸಯಜಮಾನ:
ಖಾತೆಪುಸ್ತಕ ಅವರೇ, ನಿಮ್ಮ ಮಾತು ಕೇಳಿ ಕಾಗದಪತ್ರ ಮತ್ತೆ ತೆಗೆದು ನೋಡಿದೆ. ನೀವು ಹೇಳಿದ ಹಾಗೇ 15ರ ಆಸುಪಾಸಿಗೇ ಬರುತ್ತದೆ. ಮಾಲೀಕರ ಜೊತೆ ಮಾತಾಡಿದರೆ 80ಕ್ಕೆ ಇಳಿಯಬಹುದು ಅನ್ನಿಸುತ್ತಿದೆ. ನನ್ನ ಯೋಚನೆ: ಬ್ಯಾಂಕಿಂದ 35, ಮಾಲೀಕರಿಗೇ 15 ಬಾಕಿ ಇಟ್ಟು ಐದು ವರ್ಷದಲ್ಲಿ ತೀರಿಸುವುದು, ಹೂಡಿಕೆದಾರರಿಂದ 30.

ಖಾತೆಪುಸ್ತಕ:
35, 15, 30 ಸೇರಿದರೆ 80. ವಕೀಲರು, ಆಡಿಟರ್, ಬ್ಯಾಂಕಿನ ಶುಲ್ಕ, ನೋಂದಣಿ ಇವಕ್ಕೆಲ್ಲ ದುಡ್ಡು ಎಲ್ಲಿಂದ? ಮೊದಲ ತಿಂಗಳ ಸಂಬಳ ಎಲ್ಲಿಂದ? ಖರ್ಚಿಗೆ 4, ಕೈಯಲ್ಲಿರಲಿ ಅಂತ 6 ಸೇರಿಸಿ 90 ಎತ್ತಬೇಕು. ಅಂದರೆ ಹೂಡಿಕೆದಾರರಿಂದ 40.

ಇನ್ನು ಕಂತಿನ ಲೆಕ್ಕ. ಬ್ಯಾಂಕಿನ 35ಕ್ಕೆ ಬಡ್ಡಿ 10%, ಏಳು ವರ್ಷ ಅಂದರೆ ವರ್ಷಕ್ಕೆ 7.2. ಮಾಲೀಕರ 15ಕ್ಕೆ 6%, ಐದು ವರ್ಷ ಅಂದರೆ 3.6. ಒಟ್ಟು 10.8. ಈ ಕಡೆ ಲಾಭ 15. ಬಡ್ಡಿ ಕಳೆದು ಉಳಿದದ್ದಕ್ಕೆ ತೆರಿಗೆ 25% ಅಂತ ಹಿಡಿದರೆ ಸುಮಾರು 2.6 ಹೋಯಿತು. ಗಾಡಿ, ಉಪಕರಣ ಬದಲಾಯಿಸಲು 1.5. ಉಳಿದದ್ದು 10.9.

10.9 ಬರುತ್ತದೆ, 10.8 ಕಟ್ಟಬೇಕು. ಒಬ್ಬ ಗಿರಾಕಿ ಎರಡು ತಿಂಗಳು ತಡ ಮಾಡಿದರೆ ನಿಮ್ಮ ಸಂಬಳ ನಿಂತಿತು. ಬ್ಯಾಂಕಿನವರು ಮಾಮೂಲಾಗಿ ಕಂತಿನ 1.25 ಪಟ್ಟಾದರೂ ಬರಬೇಕು ಅನ್ನುತ್ತಾರೆ, ಆ ಷರತ್ತನ್ನೇ ಸಾಲದ ಪತ್ರದಲ್ಲಿ ಬರೆಸುತ್ತಾರೆ. ಇಲ್ಲಿ ಒಂದು ಪಟ್ಟಿಗಿಂತ ಕೂದಲೆಳೆಯಷ್ಟು ಜಾಸ್ತಿ. ನೀವು ಮೊದಲು ಅಂದುಕೊಂಡಂತೆ 100ಕ್ಕೆ ಕೊಂಡು 50 ಬ್ಯಾಂಕು, 20 ಮಾಲೀಕರು ಅಂತ ಮಾಡಿದ್ದರೆ ಕಂತೇ 15 ಆಗುತ್ತಿತ್ತು. ಇಡೀ ಲಾಭ.

ಮಾರಿಕೂತವ:
ನಾನು ಇದರ ಆಚೆ ಬದಿಯವನು, ಕಂಪನಿ ಮಾರಿದವನು. ಅದಕ್ಕೆ ಒಂದು ಮಾತು. ಮಾಲೀಕರಿಗೆ ಬಾಕಿ ಇಡುವ ಆ 15, ಸೆಲ್ಲರ್ ನೋಟ್ ಅಂತಾರಲ್ಲ, ಅದಕ್ಕೆ ಮೊದಲ ಎರಡು ವರ್ಷ ಬಡ್ಡಿ ಮಾತ್ರ ಕಟ್ಟುತ್ತೇನೆ ಅಂತ ಕೇಳಿ. ಬಡ್ಡಿ 0.9 ಅಷ್ಟೇ. ಆಗ ಒಟ್ಟು ಕಂತು 8.1ಕ್ಕೆ ಇಳಿಯುತ್ತದೆ, 10.9ರ ಎದುರಿಗೆ ಅದು 1.35 ಪಟ್ಟು. ಬ್ಯಾಂಕೂ ಒಪ್ಪುತ್ತದೆ.

ಮಾರುವವರು ಒಪ್ಪುತ್ತಾರಾ ಅಂದರೆ, ಎಲ್ಲರೂ ಇಲ್ಲ. ಆದರೆ ಸಣ್ಣ ಕಂಪನಿ ಕಟ್ಟಿದವರಿಗೆ ಬೆಲೆಯ ಸಂಖ್ಯೆ ಮೇಲೆ ಒಂದು ಅಭಿಮಾನ ಇರುತ್ತದೆ, ಅದು ಕೈಗೆ ಯಾವಾಗ ಬರುತ್ತದೆ ಅನ್ನೋದರ ಮೇಲೆ ಅಷ್ಟು ಹಟ ಇರೋದಿಲ್ಲ. ನಾನು ಒಪ್ಪಿಕೊಂಡೆ. ನನಗೆ ಬೆಲೆಗಿಂತ ಹೆಚ್ಚು ತಲೆಯಲ್ಲಿದ್ದದ್ದು ಹುಡುಗರ ಕೆಲಸ ಉಳಿಯುತ್ತಾ ಅನ್ನೋದು. ಕೊಂಡವರು ಅದನ್ನು ಮೊದಲ ಭೇಟಿಯಲ್ಲೇ ಕೇಳಿದರು, ಉಳಿದವರು ಬರೀ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳಿದರು.

ಇನ್ನೊಂದು ಲಾಭ ಇದೆ, ಬಹಳ ಜನ ಯೋಚಿಸುವುದಿಲ್ಲ. ಮಾಲೀಕರ 15 ನಿಮ್ಮ ಕೈಯಲ್ಲಿ ಇರುವ ತನಕ ಅವರು ಫೋನ್ ಎತ್ತುತ್ತಾರೆ. ಮುಚ್ಚಿಟ್ಟ ಬಾಕಿ, ಹಳೆಯ ತೆರಿಗೆ ನೋಟಿಸ್ ಏನಾದರೂ ಹೊರಬಿದ್ದರೆ ಆ ಹಣದಲ್ಲಿ ಹಿಡಿದುಕೊಳ್ಳುವ ಹಕ್ಕನ್ನು ಪತ್ರದಲ್ಲಿ ಬರೆಸಿಕೊಳ್ಳಬಹುದು. ಪೂರ್ತಿ ದುಡ್ಡು ತಗೊಂಡು ಹೋದವರ ಹಿಂದೆ ಕೋರ್ಟಿಗೆ ಅಲೆಯುವುದಕ್ಕಿಂತ ಇದು ವಾಸಿ.

ಖಾತೆಪುಸ್ತಕ:
ಮಾರಿಕೂತವರು ಹೇಳಿದ್ದು ಸರಿ, ಆದರೆ ಮೂರನೇ ವರ್ಷವನ್ನೂ ನೋಡಿ. ಆಗ 3.6ರ ಕಂತು ಶುರುವಾಗಿ ಮತ್ತೆ 10.8ಕ್ಕೆ ಬರುತ್ತೀರಿ. ಅಷ್ಟರೊಳಗೆ 1.25 ಪಟ್ಟು ಬರಬೇಕಾದರೆ ಲಾಭ 15ರಿಂದ 19ರ ಹತ್ತಿರ ಏರಿರಬೇಕು. ಎರಡು ವರ್ಷದಲ್ಲಿ ಕಾಲುಭಾಗ ಜಾಸ್ತಿ. ಆಗಲಾರದ್ದೇನಲ್ಲ, ಆದರೆ ಅದನ್ನೇ ನಂಬಿ ಸಹಿ ಹಾಕಬಾರದು. ಮಾಲೀಕರ ಅಸಲನ್ನು ಇನ್ನೂ ಉದ್ದಕ್ಕೆ ಹರಡಿ, ಇಲ್ಲವೇ ಬ್ಯಾಂಕ್ ಸಾಲ ಕಮ್ಮಿ ಮಾಡಿ ಹೂಡಿಕೆ ಜಾಸ್ತಿ ಮಾಡಿ. ಬ್ಯಾಂಕಿಗೂ ಮಾಲೀಕರಿಗೂ ಮಧ್ಯೆ ಯಾರಿಗೆ ಮೊದಲು ಕೊಡಬೇಕು ಅನ್ನೋ ಒಪ್ಪಂದವನ್ನೂ ಬ್ಯಾಂಕ್ ಕೇಳುತ್ತದೆ. ಮಾಲೀಕರಿಗೆ ಇದನ್ನು ಮೊದಲೇ ಹೇಳಿಬಿಡಿ, ಕೊನೆ ವಾರದಲ್ಲಿ ಗೊತ್ತಾದರೆ ಸಿಟ್ಟು ಮಾಡಿಕೊಳ್ಳುತ್ತಾರೆ.

ಶಾಂತಲೆ:
ಹೂಡಿಕೆದಾರರ ಬದಿಯಿಂದ ಬರೆಯುತ್ತಿದ್ದೇನೆ, ಇಂಥ ಕೆಲವು ಖರೀದಿಗಳಲ್ಲಿ ನನ್ನ ದುಡ್ಡೂ ಇದೆ. ಪ್ರಶ್ನೆ ಕೇಳಿದವರು 20 ಹೌದಾ 25 ಹೌದಾ ಅಂತ ನೋಡುತ್ತಿದ್ದಾರೆ. ಟರ್ಮ್ ಶೀಟ್, ಅಂದರೆ ಹೂಡಿಕೆಯ ಷರತ್ತುಗಳ ಪಟ್ಟಿ, ಬಂದಾಗ ನೋಡಬೇಕಾದ್ದು ಆ ಸಾಲಲ್ಲ, ಕಂಪನಿ ಮುಂದೆ ಮಾರಿದಾಗ ದುಡ್ಡು ಯಾವ ಕ್ರಮದಲ್ಲಿ ಹಂಚಿಕೆ ಆಗುತ್ತದೆ ಅನ್ನುವ ಸಾಲು.

ನಿಮ್ಮದೇ ಲೆಕ್ಕ ತಗೊಳ್ಳಿ. ಹೂಡಿಕೆದಾರರು 40 ಹಾಕಿದರು. ಅವರ ಷೇರು ಪ್ರಿಫರ್ಡ್, ಅಂದರೆ ದುಡ್ಡು ಬಂದಾಗ ಮೊದಲ ಸರದಿ ಅವರದು, ಅದಕ್ಕೆ ವರ್ಷಕ್ಕೆ 8% ಕೂಡುತ್ತಾ ಹೋಗುತ್ತದೆ, ಅದನ್ನು ತಗೊಂಡ ಮೇಲೂ ಉಳಿದದ್ದರಲ್ಲಿ ಅವರಿಗೆ 80% ಪಾಲು. ಐದು ವರ್ಷಕ್ಕೆ ಆ 40 ಬೆಳೆದು 58.8 ಆಗುತ್ತದೆ. ಕಂಪನಿ ಮಾರಿ ಸಾಲ ತೀರಿಸಿ 70 ಉಳಿಯಿತು ಅಂದುಕೊಳ್ಳಿ. ನಿಮ್ಮ ತಲೆಯಲ್ಲಿ 20% ಅಂದರೆ 14. ಆದರೆ ಮೊದಲು 58.8 ಅವರಿಗೆ ಹೋಗುತ್ತದೆ, ಉಳಿದ 11.2ರಲ್ಲಿ ನಿಮಗೆ 20%. ಅಂದರೆ 2.2. ನಿಮ್ಮ ಪಾಲಿನ ಮೂರನೇ ಒಂದು ಭಾಗ ಪ್ರತಿಫಲಕ್ಕೆ ಕಟ್ಟಿದ್ದರೆ ಅದೂ ಬರುವುದಿಲ್ಲ, ಯಾಕೆಂದರೆ ಹೂಡಿಕೆದಾರರಿಗೆ ಇಲ್ಲಿ ವರ್ಷಕ್ಕೆ 11% ಮಾತ್ರ ಸಿಕ್ಕಿದೆ. ಆಗ ನಿಮಗೆ 1.5.

ಈಗ ಒಂದೇ ಒಂದು ಸಾಲು ಬದಲಾಯಿಸಿ. 8% ಕೂಡುವುದು ಬೇಡ, ಅವರು ಹಾಕಿದ 40 ಮೊದಲು ವಾಪಸ್, ಉಳಿದದ್ದು ಹಂಚಿಕೆ, ಪ್ರತಿಫಲದ ಷರತ್ತು ಇಲ್ಲ. 70ರಲ್ಲಿ 40 ಹೋಗಿ 30 ಉಳಿಯಿತು, ಅದರ 20% ಅಂದರೆ 6. ಪಾಲು ಅದೇ 20%. 25% ಪಾಲಿಗೆ ಜಗ್ಗಿ ಗೆದ್ದು 8% ಕೂಡುವ ಷರತ್ತನ್ನು ಹಾಗೇ ಬಿಟ್ಟಿದ್ದರೆ ಬರುತ್ತಿದ್ದದ್ದು 2.8.

ಹೂಡಿಕೆದಾರರು 8% ಕೇಳೋದು ದುರಾಸೆಯಿಂದಲ್ಲ, ಅದನ್ನೂ ಹೇಳಬೇಕು. ಸಣ್ಣ ಕಂಪನಿಯಲ್ಲಿ ದುಡ್ಡು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿರುತ್ತದೆ, ಬೇಕೆಂದಾಗ ಮಾರಲಾಗುವುದಿಲ್ಲ. ನಾನೂ ಕೇಳುತ್ತೇನೆ. ಆದರೆ ಕೊಡುವವರು ಅದರ ಬೆಲೆ ಗೊತ್ತಿದ್ದು ಕೊಡಲಿ. ಕಂಪನಿ ಚೆನ್ನಾಗಿ ಬೆಳೆದು 150 ಉಳಿದರೆ ಇದೇ 8% ಷರತ್ತಿನಲ್ಲೂ, ಪೂರ್ತಿ 20% ಕೈಗೆ ಬಂದಿದ್ದರೆ, ನಿಮಗೆ 18 ಬರುತ್ತದೆ. ಮಧ್ಯಮ ಫಲಿತಾಂಶ ಬಂದಾಗಲೇ ಈ ಸಾಲುಗಳು ನೋವು ಕೊಡೋದು, ಬಹಳಷ್ಟು ಕಂಪನಿಗಳ ಫಲಿತಾಂಶ ಮಧ್ಯಮವೇ.

ಸುಮ್ನೆಓದುವವ:
ಮೇಡಂ, ಇದನ್ನು ಓದಿ ನನ್ನ ಹತ್ತಿರ ಇರುವ ಒಂದು ಟರ್ಮ್ ಶೀಟ್ ತೆಗೆದು ನೋಡಿದೆ. "ಪಾರ್ಟಿಸಿಪೇಟಿಂಗ್ ಪ್ರಿಫರ್ಡ್" ಅಂತ ಇದೆ. ಇದೇನಾ ಅದು?

ಶಾಂತಲೆ:
ಅದೇ. ಮೊದಲು ತಮ್ಮದು ತಗೊಂಡು, ಆಮೇಲೆ ಉಳಿದದ್ದರಲ್ಲೂ ಕೂರುವುದು. "ನಾನ್ ಪಾರ್ಟಿಸಿಪೇಟಿಂಗ್" ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಬಡ್ಡಿ ಥರದ್ದು ಚಕ್ರಬಡ್ಡಿಯಾ, ಸರಳವಾ ಅನ್ನೋದನ್ನೂ ನೋಡಿ.

ಹೊಸಯಜಮಾನ:
ಕಣ್ಣು ತೆರೆಸಿದಿರಿ ಮೇಡಂ. ಇನ್ನೊಂದು ಕೇಳಬೇಕು. ಬ್ಯಾಂಕಿನವರು ಆ 35ಕ್ಕೆ ನನ್ನ ವೈಯಕ್ತಿಕ ಜಾಮೀನು ಕೇಳುತ್ತಿದ್ದಾರೆ. ಹೂಡಿಕೆದಾರರು "ಅದು ಮಾಮೂಲು, ನಡೆಸುವವರೇ ಹಾಕಬೇಕು" ಅನ್ನುತ್ತಾರೆ.

ನಿಧಾನಿ:
ಇಲ್ಲೇ ಬಂತು ನೋಡಿ ವಿಷಯ. ಹೂಡಿಕೆದಾರರು ಕಳೆದುಕೊಂಡರೆ 40ರಲ್ಲಿ ತಮ್ಮ ತಮ್ಮ ಭಾಗ ಅಷ್ಟೇ. ನೀವು ಕಳೆದುಕೊಂಡರೆ ಮನೆ. 80% ಅವರದು, 35ರ ಜಾಮೀನು ಪೂರ್ತಿ ನಿಮ್ಮದು, ಇದು ಯಾವ ನ್ಯಾಯ? ಸರ್ಚ್ ಫಂಡ್‌ನ 25% ಪದ್ಧತಿಯಲ್ಲಿ ನಡೆಸುವವರು ಸಾಮಾನ್ಯವಾಗಿ ಸಾಲಕ್ಕೆ ತಮ್ಮ ಆಸ್ತಿ ಒಡ್ಡುವುದಿಲ್ಲ. ಹಾಗಾಗಿಯೇ ಪಾಲು ಅಷ್ಟಕ್ಕೆ ನಿಲ್ಲುತ್ತದೆ. ಜಾಮೀನು ನಿಮ್ಮದೇ ಆದರೆ ಪಾಲೂ ಆ ಲೆಕ್ಕದಲ್ಲೇ ಇರಬೇಕು. ಎರಡರಲ್ಲಿ ಒಂದು ಕೇಳಿ: ಜಾಮೀನು ಇಲ್ಲದ ಸಾಲ, ಅದು ಸ್ವಲ್ಪ ಕಮ್ಮಿ ಮೊತ್ತವೇ ಆಗಲಿ. ಇಲ್ಲವೇ ಪಾಲಿನ ಮಾತನ್ನು ಸೊನ್ನೆಯಿಂದ ಮತ್ತೆ ಶುರು ಮಾಡುವುದು.

ಮಧ್ಯದ ದಾರಿಯೂ ಇದೆ. ಜಾಮೀನಿಗೆ ಮಿತಿ ಹಾಕಿಸುವುದು, ಸಾಲದ ಅರ್ಧ ತೀರಿದ ಮೇಲೆ ಜಾಮೀನು ಬಿಡುಗಡೆ ಅಂತ ಬರೆಸುವುದು, ಹೂಡಿಕೆದಾರರೂ ತಮ್ಮ ಪಾಲಿನ ಪ್ರಮಾಣಕ್ಕೆ ನಿಮಗೆ ತುಂಬಿಕೊಡುತ್ತೇವೆ ಅಂತ ಪತ್ರ ಕೊಡುವುದು. ಕೊನೆಯದನ್ನು ಕೇಳಿದಾಗ ಅವರ ಮುಖ ನೋಡಿ, ಕಂಪನಿ ಮೇಲೆ ಅವರಿಗೆ ನಿಜವಾಗಿ ಎಷ್ಟು ನಂಬಿಕೆ ಇದೆ ಅಂತ ಗೊತ್ತಾಗುತ್ತದೆ.

ಶಾಂತಲೆ:
ಹೂಡಿಕೆದಾರಳಾಗಿ ಹೇಳುತ್ತೇನೆ, ನಿಧಾನಿಯವರ ಮಾತು ಸರಿ. ಜಾಮೀನೂ ನಡೆಸುವವರದೇ, ಪಾಲು ಮಾತ್ರ ಬರೀ 20% ಅನ್ನುವ ಪತ್ರವನ್ನು ನಾನು ಯಾರಿಗೂ ಕೊಡುವುದಿಲ್ಲ. ಸದಾ ಭಯದಲ್ಲಿ ಇರುವವರು ಕಂಪನಿಗೆ ಬೇಕಾದ ನಿರ್ಧಾರ ತಗೊಳ್ಳುವುದಿಲ್ಲ, ಸಾಲ ತೀರಿಸುವ ನಿರ್ಧಾರ ಮಾತ್ರ ತಗೊಳ್ಳುತ್ತಾರೆ.

ಬೋರ್ಡ್ ಬಗ್ಗೆ ನೀವು ಏನೂ ಕೇಳಲಿಲ್ಲ. ನಿಮ್ಮನ್ನು ಕೆಲಸದಿಂದ ತೆಗೆಯುವ ಅಧಿಕಾರ ಯಾರ ಕೈಯಲ್ಲಿ? ಯಾವ ಕಾರಣಕ್ಕೆ? ಕಾರಣ ಇಲ್ಲದೆ ತೆಗೆದರೆ ಅದುವರೆಗೆ ಗಳಿಸಿದ ಪಾಲು ನಿಮ್ಮದೇ ಉಳಿಯುತ್ತಾ, ಇಲ್ಲ ಹಾಕಿದ ಬೆಲೆಗೆ ವಾಪಸ್ ಕಿತ್ತುಕೊಳ್ಳುತ್ತಾರಾ? ತೆಗೆದ ಮೇಲೂ ಜಾಮೀನು ನಿಮ್ಮ ತಲೆ ಮೇಲೇ ಇರುತ್ತಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲದ ಪತ್ರಗಳನ್ನು ನೋಡಿದ್ದೇನೆ.

ಬೆಂಕಿಪೊಟ್ಟಣ:
ಇಷ್ಟೆಲ್ಲ ತಲೆನೋವು ಯಾಕೆ? ನಾಲ್ಕು ಹುಡುಗರನ್ನು ಕಟ್ಟಿಕೊಂಡು ಅದೇ ಸರ್ವಿಸ್ ಕೆಲಸ ಹೊಸದಾಗಿ ಶುರು ಮಾಡಿದರೆ ಆಗಲ್ವಾ?

ಮಾರಿಕೂತವ:
ಆಗುತ್ತದೆ. ಮೊದಲ ದೊಡ್ಡ ಕಟ್ಟಡದವರು ನಿಮಗೆ ಲಿಫ್ಟ್ ಕೀಲಿ ಕೊಡುವ ತನಕ ಎಷ್ಟು ವರ್ಷ ಸಂಬಳ ಇಲ್ಲದೆ ಇರುತ್ತೀರಿ ಅನ್ನೋದೇ ಪ್ರಶ್ನೆ. ಕೊಳ್ಳುವವರು ದುಡ್ಡು ಕೊಡೋದು ಆ ವರ್ಷಗಳಿಗೆ.

ಕಾನೂನುಕಟ್ಟೆ:
ತಡವಾಗಿ ಬಂದೆ. ವಕೀಲೆಯಾಗಿ ಎರಡು ಮೂರು ವಿಷಯ ಹೇಳುತ್ತೇನೆ, ನಿಮ್ಮ ದೇಶದ ಕಾನೂನನ್ನು ಅಲ್ಲಿಯ ವಕೀಲರ ಹತ್ತಿರವೇ ಕೇಳಿ.

ಷೇರು ಕೊಳ್ಳುತ್ತಿದ್ದೀರಾ, ಆಸ್ತಿ ಮತ್ತು ಕಾಂಟ್ರ್ಯಾಕ್ಟ್ ಮಾತ್ರ ಕೊಳ್ಳುತ್ತಿದ್ದೀರಾ? ಷೇರು ಕೊಂಡರೆ ಕಂಪನಿಯ ಹಳೆಯ ಪಾಪಗಳೆಲ್ಲ ಜೊತೆಗೆ ಬರುತ್ತವೆ: ತೆರಿಗೆ ಬಾಕಿ, ನೌಕರರ ಕೇಸು, ಹಳೆಯ ಅಪಘಾತದ ಪರಿಹಾರ. ಆಸ್ತಿ ಮಾತ್ರ ಕೊಂಡರೆ ಬಹಳಷ್ಟು ತಪ್ಪುತ್ತದೆ, ಆದರೆ ಪ್ರತಿ ಕಾಂಟ್ರ್ಯಾಕ್ಟನ್ನೂ ಲೈಸೆನ್ಸನ್ನೂ ಹೊಸ ಹೆಸರಿಗೆ ಮಾಡಿಸಬೇಕು. ನಿಮ್ಮದು ಲಿಫ್ಟ್ ಕೆಲಸ ಅಂದಿರಿ. ಆ ಕೆಲಸಕ್ಕೆ ಬೇಕಾದ ಪರವಾನಗಿ ಕಂಪನಿ ಹೆಸರಲ್ಲಿದೆಯಾ, ಮಾಲೀಕರ ಸ್ವಂತ ಹೆಸರಲ್ಲಿದೆಯಾ ಅಂತ ಇವತ್ತೇ ನೋಡಿ. ದೊಡ್ಡ ಗಿರಾಕಿಗಳ ಕಾಂಟ್ರ್ಯಾಕ್ಟ್‌ನಲ್ಲಿ "ಮಾಲೀಕತ್ವ ಬದಲಾದರೆ ರದ್ದು ಮಾಡಬಹುದು" ಅನ್ನುವ ಸಾಲು ಇದೆಯಾ ಅಂತಲೂ ನೋಡಿ.

ಖಾತೆಪುಸ್ತಕ:
ಗಿರಾಕಿಗಳ ಮಾತು ಬಂತಲ್ಲ, ಅದಕ್ಕೇ ಇನ್ನೊಂದು. ವಾರ್ಷಿಕ ಸರ್ವಿಸ್ ಅಂದರೆ ಮುಂಗಡ ತಗೊಳ್ಳುತ್ತಾರೆ ಅಲ್ವಾ? ನೀವು ಕೊಳ್ಳುವ ದಿನ ಕಂಪನಿ ಖಾತೆಯಲ್ಲಿ ತುಂಬಾ ದುಡ್ಡು ಕಾಣಿಸುತ್ತದೆ. "ನಗದು ನಮ್ಮದು, ಸಾಲ ನಮ್ಮದು, ಕಂಪನಿ ನಿಮಗೆ" ಅಂತ ಮಾಲೀಕರು ಅದನ್ನು ಒಯ್ಯುತ್ತಾರೆ. ಆದರೆ ಅದು ಮುಂದಿನ ತಿಂಗಳುಗಳಲ್ಲಿ ಮಾಡಿಕೊಡಬೇಕಾದ ಕೆಲಸದ ದುಡ್ಡು. ಕಾಂಟ್ರ್ಯಾಕ್ಟ್ ನವೀಕರಣದ ಸೀಸನ್ ಮುಗಿದ ಕೂಡಲೇ ಖರೀದಿ ಆಯಿತು ಅಂದರೆ ದುಡ್ಡು ಅವರ ಹತ್ತಿರ, ವರ್ಷದ ಬಹುಪಾಲು ಕೆಲಸ ನಿಮ್ಮ ಹತ್ತಿರ, ಸಂಬಳ ಕೊಡಬೇಕಾದವರೂ ನೀವೇ. ನಾನು ಹೇಳಿದ ಕೈಹಣ 6 ಇದಕ್ಕೆ ಎಲ್ಲಿ ಸಾಲುತ್ತದೆ?

ಹಾಗಾಗಿ ಮಾಡದ ಕೆಲಸದ ಮುಂಗಡವನ್ನು ಸಾಲ ಅಂತಲೇ ಲೆಕ್ಕ ಹಿಡಿದು ಬೆಲೆಯಲ್ಲಿ ಕಳೆಯಬೇಕು, ಇಲ್ಲವೇ ಇಷ್ಟು ವರ್ಕಿಂಗ್ ಕ್ಯಾಪಿಟಲ್ (ದಿನನಿತ್ಯದ ಕೆಲಸ ನಡೆಸುವ ದುಡ್ಡು) ಕಂಪನಿಯಲ್ಲೇ ಬಿಟ್ಟುಹೋಗಬೇಕು ಅಂತ ಒಂದು ಗುರುತು ಹಾಕಬೇಕು. ಹನ್ನೆರಡು ತಿಂಗಳ ಸರಾಸರಿ ನೋಡಿ ಹಾಕಿ. ಒಂದೇ ತಿಂಗಳದ್ದು ನೋಡಿ ಹಾಕಿದರೆ ಯಾರೋ ಒಬ್ಬರಿಗೆ ಮೋಸ ಆಗುತ್ತದೆ.

ಕಾನೂನುಕಟ್ಟೆ:
ಇದನ್ನು ಎಲ್‌ಒಐನಲ್ಲೇ, ಅಂದರೆ ಕೊಳ್ಳುವ ಇರಾದೆ ತಿಳಿಸುವ ಮೊದಲ ಪತ್ರದಲ್ಲೇ, ಒಂದು ಸಾಲು ಬರೆಯಿರಿ. ಎಲ್‌ಒಐ ಬಹುಪಾಲು ಕಾನೂನಿನಲ್ಲಿ ಕಟ್ಟಿಹಾಕುವುದಿಲ್ಲ, ಆದರೆ ಅದರಲ್ಲಿಲ್ಲದ್ದನ್ನು ಆಮೇಲೆ ತಂದರೆ ಮಾರುವವರಿಗೆ ನೀವು ಬೆಲೆ ಇಳಿಸುತ್ತಿದ್ದೀರಿ ಅನ್ನಿಸುತ್ತದೆ.

ಎರಡನೇಪಾಳಿ:
ದುಡ್ಡು, ಪತ್ರ ಎಲ್ಲ ಆಯಿತು. ಕೆಲಸಗಾರರ ಬಗ್ಗೆ ಯಾರೂ ಮಾತಾಡಿಲ್ಲ. ಇಂಥದ್ದೇ ಒಂದು ಕಂಪನಿ ಕೊಂಡು ನಡೆಸುತ್ತಿದ್ದೇನೆ. ಇಂಥ ಕಂಪನಿಗಳಲ್ಲಿ ಗಿರಾಕಿಗೆ ಮಾಲೀಕರ ಹೆಸರೂ ಗೊತ್ತಿರೋದಿಲ್ಲ, ಲಿಫ್ಟ್ ನಿಂತಾಗ ರಾತ್ರಿ ಬರುವ ಟೆಕ್ನಿಷಿಯನ್ ಗೊತ್ತು. ಅವನು ಹೋದರೆ ಕಾಂಟ್ರ್ಯಾಕ್ಟ್ ಅವನ ಹಿಂದೆ ಹೋಗುತ್ತದೆ. ಹಾಗಾಗಿ ಆ ಇಬ್ಬರು ಮೂವರು ಯಾರು ಅಂತ ಮೊದಲೇ ಪತ್ತೆ ಮಾಡಿ. ಸಮಸ್ಯೆ ಏನೆಂದರೆ ಸಹಿ ಆಗುವ ತನಕ ಮಾಲೀಕರು ಅವರ ಜೊತೆ ಮಾತಾಡಲು ಬಿಡುವುದಿಲ್ಲ, ಸುದ್ದಿ ಹಬ್ಬಿದರೆ ಎಲ್ಲರೂ ಹೆದರುತ್ತಾರೆ ಅಂತ. ಅದು ಅವರ ಕಡೆಯಿಂದ ಸರಿಯೇ. ನಾವು ಮಾಡಿದ್ದು, ಎಲ್ಲ ಷರತ್ತೂ ಒಪ್ಪಿದ ಮೇಲೆ, ದುಡ್ಡು ಕೈ ಬದಲಾಗುವ ಮುಂಚಿನ ವಾರ, ಮಾಲೀಕರ ಎದುರಲ್ಲೇ ಆ ಇಬ್ಬರ ಜೊತೆ ಕೂತು ಮಾತಾಡಿದ್ದು. ಒಂದು ವರ್ಷ ಉಳಿದರೆ ಬೋನಸ್ ಅಂತ ಬರೆದುಕೊಟ್ಟೆವು. ಆ ಬೋನಸ್‌ನ ಅರ್ಧ ಹಣವನ್ನು ಮಾಲೀಕರು ತಮಗೆ ಬರುವ ಬೆಲೆಯಲ್ಲಿ ಬಿಟ್ಟುಕೊಟ್ಟರು.

ಮೊದಲ ವರ್ಷ ಸಾಫ್ಟ್‌ವೇರ್ ಬದಲಾಯಿಸುವುದು, ಲೋಗೋ ಬದಲಾಯಿಸುವುದು, ಬೆಲೆ ಏರಿಸುವುದು ಇವೆಲ್ಲ ಒಟ್ಟಿಗೆ ಮಾಡಬೇಡಿ. ಹೂಡಿಕೆದಾರರು "ಏನು ಹೊಸದು ಮಾಡಿದಿರಿ" ಅಂತ ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ, "ಯಾರೂ ಬಿಟ್ಟುಹೋಗಲಿಲ್ಲ" ಅನ್ನೋದು ಮೊದಲ ವರ್ಷಕ್ಕೆ ಒಳ್ಳೆಯ ಉತ್ತರವೇ. ಬೆಲೆ ಏರಿಸಲು ಅವಕಾಶ ಇದ್ದೇ ಇರುತ್ತದೆ, ಹಳೆಯ ಮಾಲೀಕರು ಸಂಕೋಚಕ್ಕೆ ವರ್ಷಗಟ್ಟಲೆ ಏರಿಸಿರುವುದಿಲ್ಲ. ಅದಕ್ಕೂ ಗಿರಾಕಿಗಳ ಮುಖ ಒಂದು ಸಲ ನೋಡಿದ ಮೇಲೆ ಹೋಗಿ.

ಹೊಸಯಜಮಾನ:
ಎಲ್ಲರಿಗೂ ಧನ್ಯವಾದ. ಏನಾಯಿತು ಅಂತ ಹೇಳುತ್ತೇನೆ. ಮಾಲೀಕರು 80ಕ್ಕೆ ಒಪ್ಪಿದರು, 15 ಬಾಕಿಗೂ ಒಪ್ಪಿದರು, ಎರಡು ವರ್ಷ ಬಡ್ಡಿ ಮಾತ್ರ, ಅಸಲು ಅದಾದ ಮೇಲೆ ಏಳು ವರ್ಷದಲ್ಲಿ. ಮುಂಗಡದ ವಿಷಯ ಎತ್ತಿದಾಗ ಸ್ವಲ್ಪ ಮುನಿಸಿಕೊಂಡರು, ಆದರೆ ಲೆಕ್ಕ ಹಾಕಿ ತೋರಿಸಿದ ಮೇಲೆ "ಅದೂ ಸರಿನೇ" ಅಂದರು. ಲಿಫ್ಟ್ ಪರವಾನಗಿ ಅವರ ಹೆಸರಲ್ಲೇ ಇದೆ! ಹೊಸದು ಬರುವ ತನಕ ಅವರು ಸಲಹೆಗಾರರಾಗಿ ಉಳಿಯಬೇಕಾಗಬಹುದು. ಹೂಡಿಕೆದಾರರ ಹತ್ತಿರ 8% ಸರಳ ಬಡ್ಡಿ, ನನ್ನ ಪಾಲು 30%, ಜಾಮೀನಿಗೆ ಮಿತಿ, ತೆಗೆದರೆ ಜಾಮೀನು ಅವರೇ ಬಿಡಿಸಬೇಕು ಅಂತ ಕೇಳಿದ್ದೇನೆ. ಒಬ್ಬರು ಹಿಂದೆ ಸರಿದರು, ಉಳಿದವರು ಯೋಚಿಸುತ್ತಿದ್ದಾರೆ. ಎಲ್‌ಒಐನಲ್ಲಿ ಬೇರೆ ಯಾರಿಗೂ ಮಾರಬಾರದು ಅನ್ನುವ ಅವಧಿ ಎಷ್ಟು ಕೇಳಲಿ? ಮಾಲೀಕರು 45 ದಿನ ಅನ್ನುತ್ತಿದ್ದಾರೆ.

ಕಾನೂನುಕಟ್ಟೆ:
45 ಸಾಲದು. ಆಡಿಟರ್ ವರದಿ, ಬ್ಯಾಂಕ್ ಮಂಜೂರಾತಿ ಎರಡೂ ಒಂದರ ಹಿಂದೊಂದು ಬರುತ್ತವೆ, ಜೊತೆಗೆ ನಿಮಗೆ ಪರವಾನಗಿ ಕೆಲಸ ಬೇರೆ. 90 ಕೇಳಿ. 60ಕ್ಕೆ ನಿಂತರೆ, ಬ್ಯಾಂಕಿನ ಲಿಖಿತ ಒಪ್ಪಿಗೆ ಕೈಗೆ ಬಂದಿದ್ದರೆ ತಾನಾಗಿ ಇನ್ನು 30 ದಿನ ಮುಂದುವರಿಯಬೇಕು ಅಂತ ಬರೆಸಿ. ಹಿಂದೆ ಸರಿದ ಹೂಡಿಕೆದಾರರ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದು ಸಹಿಗೆ ಮುಂಚೆಯೇ ಆಗಲಿ, ಆ ಗಡಿಯಾರ ಓಡಲು ಶುರುವಾದ ಮೇಲೆ ಬೇಡ.

ಶಾಂತಲೆ:
ಅಸಲನ್ನು ಏಳು ವರ್ಷಕ್ಕೆ ಹರಡಿದ್ದು ಒಳ್ಳೆಯದಾಯಿತು, ಕಂತು 3.6ರ ಬದಲು 2.7 ಆಗುತ್ತದೆ. ಮೂರನೇ ವರ್ಷದ ಲೆಕ್ಕವನ್ನು ಆ ಸಂಖ್ಯೆ ಹಾಕಿ ಮತ್ತೆ ಮಾಡಿ. ಲಾಭ 12ಕ್ಕೆ ಇಳಿದರೆ ಏನು ಅನ್ನುವ ಇನ್ನೊಂದು ಹಾಳೆಯನ್ನೂ ಜೊತೆಗಿಟ್ಟು ಹೂಡಿಕೆದಾರರಿಗೆ ನೀವೇ ಕಳಿಸಿ. ಅವರು ಕೇಳುವ ಮುಂಚೆ ಕಳಿಸಿದರೆ 30% ಮಾತು ಸುಲಭ ಆಗುತ್ತದೆ.